ಬಾಬರನ ಕರಬೂಜ, ನಮ್ಮ ಕರಬೂಜ

ತರಗತಿಯಲ್ಲಿ ಬಾಬರನ ಪಾಠವೆಂದರೆ 1526ರ ಪಾಣಿಪತ್ ಕದನ, 1527ರ ಖಾನ್ವಾ ಕದನ, ಫಿರಂಗಿಗಳ ಉಪಯೋಗ, ಇಷ್ಟೇ. ಪರೀಕ್ಷೆಯಲ್ಲಿ ಕೇಳುತ್ತಿದ್ದುದೂ ಇಷ್ಟೇ. ಅವನ ಆತ್ಮಕಥೆಯಾದ ‘ಬಾಬರ್‌ನಾಮಾ’ವನ್ನು ತೆರೆದವರಿಗೆ ಬೇರೊಬ್ಬ ಬಾಬರನು ಕಾಣಸಿಗುತ್ತಾನೆ. ಅವನು ಊರೂರಿನ ಹಣ್ಣುಗಳನ್ನು ಹೆಸರಿಸಿ, ಒಂದನ್ನು ಇನ್ನೊಂದರೊಡನೆ ಹೋಲಿಸಿ, ತೀರ್ಪು ಬರೆದಿಟ್ಟವನು.

ಒಳ್ಳೆಯ ಕರಬೂಜವನ್ನು ಆರಿಸುವುದು ಹೇಗೆಂದು ದೂರದೂರಿನಲ್ಲಿರುವ ಶಿಷ್ಯೆಯೊಬ್ಬಳು ಈ ಬೇಸಗೆಯಲ್ಲಿ ಕೇಳಿದ್ದಾಳೆ. ಪ್ರಶ್ನೆ ಅಡುಗೆಮನೆಯದು. ಆದರೆ ಕೇಳಿದ್ದು ಇತಿಹಾಸದ ಮೇಷ್ಟರನ್ನಾದ್ದರಿಂದ ಉತ್ತರವೂ ಸ್ವಲ್ಪ ಸುತ್ತುದಾರಿಯಲ್ಲಿಯೇ ಬರಬೇಕು!

‘ಕರಬೂಜ’ ಎಂಬ ನಮ್ಮ ಮಾತು ಪಾರಸಿಯ ‘ಖರ್ಬೂಜಾ’ದಿಂದ ಬಂದದ್ದು. ಹಾಗೆಂದು ಈ ಬಳ್ಳಿಯ ಕುಲ ನಮಗೆ ಹೊಸದೇನಲ್ಲ. ನಮ್ಮ ಕೆಕ್ಕರಿಕೆಯೂ ಕರಾವಳಿಯವರ ಇಬ್ಬುಡ್ಲ ಹಣ್ಣೂ ಇದೇ ಬಳಗದವು. ಆದರೆ ಹಾಗೆಯೇ ಕೊಯ್ದು ತಿನ್ನುವ ಸಿಹಿಹಣ್ಣಿಗೆ ಹೆಸರಾದದ್ದು ಮಧ್ಯ ಏಷ್ಯಾ. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನು ಖ್ವಾರಿಜ್ಮ್ ಪ್ರಾಂತದ ಕರಬೂಜವನ್ನು ಬಾಯಿತುಂಬ ಹೊಗಳಿದ್ದಾನೆ. ಬುಖಾರಾದ್ದನ್ನು ಬಿಟ್ಟರೆ ಅದಕ್ಕೆ ಸಾಟಿಯಿಲ್ಲ, ಅನಂತರದ ಸ್ಥಾನ ಇಸ್ಫಹಾನಿನದು ಎಂಬುದು ಅವನ ಲೆಕ್ಕ. ಅಲ್ಲಿನ ಜನ ಹಣ್ಣನ್ನು ಸೀಳಿ, ಬಿಸಿಲಿಗೆ ಒಣಗಿಸಿ, ಬುಟ್ಟಿಗಳಲ್ಲಿ ತುಂಬಿ ಹಿಂದೂಸ್ತಾನಕ್ಕೂ ಚೀನಕ್ಕೂ ಕಳುಹಿಸುತ್ತಿದ್ದರಂತೆ. ಅವನು ದೆಹಲಿಯಲ್ಲಿದ್ದಾಗ ಆ ಒಣಹೋಳುಗಳಿಗಾಗಿ ಆಳನ್ನು ಪೇಟೆಗೆ ಅಟ್ಟುತ್ತಿದ್ದನು. ಅವನ ಈ ಚಪಲವನ್ನು ಅರಿತ ಸುಲ್ತಾನನು ತಾನೂ ಕಳುಹಿಸಿಕೊಡುತ್ತಿದ್ದನು. ಸುಲ್ತಾನನೆಂದರೆ ನಿಮಗೆಲ್ಲ ಪರಿಚಿತನಾದ, ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದ ಮುಹಮ್ಮದ್ ಬಿನ್ ತುಘಲಕನೇ.

ಬಾಬರನು ಹುಟ್ಟಿ ಬೆಳೆದದ್ದು ಫರ್ಗಾನಾ ಕಣಿವೆಯಲ್ಲಿ. ಅಲ್ಲಿಯ ಅಖ್ಸಿ ಎಂಬ ಊರಿನ ಕರಬೂಜದಂಥದು ಲೋಕದಲ್ಲೆಲ್ಲೂ ಇರಲಾರದು ಎಂಬ ಅಭಿಮಾನ ಅವನದು. ಬರಿಯ ಅಭಿಮಾನವಲ್ಲ, ಪರೀಕ್ಷೆಯನ್ನೂ ಮಾಡಿದ್ದಾನೆ. ಬುಖಾರಾದ ಹಣ್ಣನ್ನೂ ಅಖ್ಸಿಯ ಹಣ್ಣನ್ನೂ ಒಂದೇ ಕೂಟದಲ್ಲಿ ಕೊಯ್ಯಿಸಿ ನೋಡಿ, ಬುಖಾರಾದ್ದು ಸಮನಾಗಲಿಲ್ಲವೆಂದು ಬರೆದಿದ್ದಾನೆ. ಅಂಥವನು ಹಿಂದೂಸ್ತಾನವನ್ನು ಗೆದ್ದ ಮೇಲೆ ಇಲ್ಲಿ ಇಲ್ಲದವುಗಳ ಪಟ್ಟಿ ಮಾಡುವಾಗ ಒಳ್ಳೆಯ ದ್ರಾಕ್ಷಿ, ಒಳ್ಳೆಯ ಕರಬೂಜಗಳನ್ನು ಸೇರಿಸಿದ್ದು ಸಹಜವೇ. 1529ರ ಫೆಬ್ರವರಿಯಲ್ಲಿ ಅವನು ಕಾಬೂಲಿನ ಕಡೆಯಲ್ಲಿದ್ದ ತನ್ನ ಗೆಳೆಯ ಖ್ವಾಜಾ ಕಲಾನನಿಗೆ ಕಾಗದ ಬರೆದನು. ಯಾರೋ ಒಂದು ಕರಬೂಜವನ್ನು ತಂದುಕೊಟ್ಟರು, ಅದನ್ನು ಕೊಯ್ದು ತಿನ್ನುತ್ತಿದ್ದಷ್ಟು ಹೊತ್ತೂ ಅತ್ತೆ ಎಂದು ಅದರಲ್ಲಿ ಒಪ್ಪಿಕೊಂಡಿದ್ದಾನೆ. ಸಾಮ್ರಾಜ್ಯ ಕಟ್ಟಿದವನು ಹಣ್ಣಿನ ಹೋಳೊಂದನ್ನು ಹಿಡಿದು ಅತ್ತ ಈ ಸಂಗತಿ ಯಾವ ಪಠ್ಯಪುಸ್ತಕಕ್ಕೂ ಬೇಡವಾಯಿತಲ್ಲ ಎಂದು ನನಗೆ ಅನೇಕ ಸಲ ಅನಿಸಿದೆ. ಪರದೇಶದಲ್ಲಿ ನೆಲೆಸಿರುವ ನನ್ನ ಶಿಷ್ಯರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಅವನು ಅತ್ತು ಸುಮ್ಮನಾಗಲಿಲ್ಲ. ಬಲ್ಖಿನಿಂದ ಬಂದಿದ್ದ ಬೆಳೆಗಾರನೊಬ್ಬನಿಗೆ ಆಗ್ರಾದಲ್ಲಿ ಕರಬೂಜ ಬೆಳೆಯುವ ಕೆಲಸವನ್ನು ಒಪ್ಪಿಸಿದನು. ಅದೇ ವರ್ಷ ಆತನು ಕೆಲವು ಚಿಕ್ಕ ಚಿಕ್ಕ, ಆದರೆ ಉತ್ತಮವಾದ ಹಣ್ಣುಗಳನ್ನು ತಂದೊಪ್ಪಿಸಿದನು. ಬಾಬರನಿಗೆ ಪರಮ ತೃಪ್ತಿಯಾಯಿತು. ಮರುವರ್ಷ, 1530ರ ಡಿಸೆಂಬರಿನಲ್ಲಿ, ಅವನು ತೀರಿಕೊಂಡನು.

ಮರಿಮಗನಾದ ಜಹಾಂಗೀರನ ಕಾಲಕ್ಕೆ ಹಣ್ಣೇ ಹಿಂದೂಸ್ತಾನದ ದಾರಿ ಹಿಡಿದಿತ್ತು. ಹೆರಾತಿನ ಸೀಮೆಯ ಕಾರೇಜ್ ಎಂಬ ಊರಿನ ಕರಬೂಜ ವರ್ತಕರ ತಂಡಗಳೊಡನೆ ಐದು ತಿಂಗಳ ದಾರಿ ಸವೆಸಿ ಬಂದರೂ ಚೆನ್ನಾಗಿ ಹಣ್ಣಾಗಿ, ಕೆಡದೆ ತಲಪಿತೆಂದು ಅವನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಐದು ತಿಂಗಳೇ ಎಂದು ಹುಬ್ಬೇರಿಸಬೇಡಿ. ಮಧ್ಯ ಏಷ್ಯಾದಲ್ಲಿ ದಪ್ಪ ಸಿಪ್ಪೆಯ ಚಳಿಗಾಲದ ತಳಿಗಳಿವೆ. ಜೊಂಡಿನ ಉರಿಯಲ್ಲಿ ಕಟ್ಟಿ ಮನೆಯ ಜಂತಿಗೆ ತೂಗುಹಾಕಿದರೆ ಅವು ತಿಂಗಳುಗಟ್ಟಲೆ ಉಳಿಯುತ್ತವೆ.

ಈ ಮೂವರೂ ಹಣ್ಣಿನ ಬಣ್ಣವನ್ನೋ ಗಾತ್ರವನ್ನೋ ಮುಂದಿಟ್ಟು ಬೆಲೆಕಟ್ಟಲಿಲ್ಲ. ಮೊದಲು ಊರಿನ ಹೆಸರು ಹೇಳಿದರು: ಖ್ವಾರಿಜ್ಮ್, ಅಖ್ಸಿ, ಕಾರೇಜ್. ಅದಕ್ಕೆ ಬಲವಾದ ಕಾರಣವೂ ಇದೆ. ಬಾಳೆ, ಮಾವುಗಳು ಕಾಯಾಗಿದ್ದಾಗ ಪಿಷ್ಟವನ್ನು ಕೂಡಿಟ್ಟುಕೊಂಡು, ಕಿತ್ತ ಮೇಲೆ ಅದನ್ನೇ ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತವೆ. ಕರಬೂಜದಲ್ಲಿ ಅಂಥ ದಾಸ್ತಾನು ಇಲ್ಲ. ಬಳ್ಳಿಯಲ್ಲಿದ್ದಾಗ ಎಷ್ಟು ಸಿಹಿಯೋ ಅಷ್ಟೇ ಸಿಹಿ. ಒಂದು ಕರಬೂಜವನ್ನು ನೋಡಿ ಇನ್ನೊಂದು ಬಣ್ಣ ತಿರುಗುತ್ತದೆ ಎಂದು ಹಿಂದಿಯಲ್ಲಿ ಗಾದೆಯಿದೆ. ಮನೆಯಲ್ಲಿಟ್ಟರೆ ಬಣ್ಣ ತಿರುಗೀತು, ಮೆತ್ತಗಾದೀತು, ವಾಸನೆಯೂ ಬಂದೀತು. ಸಿಹಿ ಮಾತ್ರ ಹೆಚ್ಚದು. ಆದ್ದರಿಂದ ಆಯ್ಕೆಯೆಲ್ಲ ಹೊಲದಲ್ಲಿ, ಕೊಯ್ಲಿನ ದಿನವೇ ಮುಗಿದಿರುತ್ತದೆ. ಅಂಗಡಿಯ ಮುಂದೆ ನಿಂತ ನಮಗೆ ಉಳಿದಿರುವುದು ಅದರ ಗುರುತುಗಳನ್ನು ಓದುವ ಕೆಲಸ.

ಮುಖ್ಯ ಗುರುತು ತೊಟ್ಟಿನದು. ಬಲೆಯಂಥ ಸಿಪ್ಪೆಯ ಹಣ್ಣು ಬಲಿತಾಗ ತೊಟ್ಟಿನಿಂದ ತಾನಾಗಿ ಬಿಡಿಸಿಕೊಳ್ಳುತ್ತದೆ. ಅಲ್ಲಿ ನಯವಾದ ದುಂಡನೆಯ ಕುಳಿಯಿರುತ್ತದೆ. ತುಂಡು ತೊಟ್ಟು ಅಂಟಿಕೊಂಡೇ ಇದ್ದರೆ ಎಳೆಯದನ್ನು ಕೊಯ್ದಿರುವ ಸಂಭವವೇ ಹೆಚ್ಚು. ಬಲೆಯ ಎಳೆಗಳು ಉಬ್ಬಿರಬೇಕು, ಅವುಗಳ ನಡುವಿನ ಹಸಿರು ಹಳದಿಗೆ ತಿರುಗಿರಬೇಕು. ಹೂವಿದ್ದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ತುಸುವೇ ಬಗ್ಗಬೇಕು, ಮೂಸಿದರೆ ಘಮಘಮಿಸಬೇಕು. ಗಾತ್ರಕ್ಕಿಂತ ಭಾರವಾಗಿದ್ದರೆ ಒಳ್ಳೆಯದು. ಅಲುಗಿಸಿದಾಗ ಒಳಗೆ ನೀರು ಕುಲುಕಿದರೆ ಕಳಿತಿದೆಯೆಂದೇ ಅರ್ಥ. ನುಣುಪು ಸಿಪ್ಪೆಯ ಜಾತಿಗಳಿಗೆ ಈ ತೊಟ್ಟಿನ ಲೆಕ್ಕ ಸಲ್ಲದು, ಪರಿಮಳವೂ ಅಷ್ಟಾಗಿ ಇರದು.

ಮೊನ್ನೆ ಗಾಡಿಯವನೊಬ್ಬನನ್ನು “ಯಾವ ಊರಿನ ಹಣ್ಣಪ್ಪಾ?” ಎಂದು ಕೇಳಿದೆ. “ಲಾರೀಲಿ ಬಂತು ಸಾರ್, ಊರು ಯಾರಿಗೆ ಗೊತ್ತು” ಎಂದ. ಆದರೂ ರಾಶಿಯ ತಳದಿಂದ ಒಂದನ್ನು ತೆಗೆದು, ತಾನೇ ಮೂಸಿ ನೋಡಿ, ನನ್ನ ಕೈಗಿತ್ತ. ತೊಟ್ಟಿನ ಕುಳಿ ಸರಿಯಾಗಿಯೇ ಇತ್ತು.