ದತ್ತಿ, ತಸ್ದೀಕು, ಸಹಾಯಧನ

ದಾರಿ ನಡೆದು ಬಂದವನಿಗೆ ನೆಳಲು, ನೀರು, ಒಂದು ಹೊತ್ತಿನ ಊಟ, ರಾತ್ರಿ ತಲೆಯಿಡಲು ಒಂದು ಜಗಲಿ, ಇವುಗಳನ್ನು ಒದಗಿಸುವವನಿಗೆ ರಾಜ್ಯವು ನೆರವಾಗಬೇಕೆಂಬ ಭಾವನೆ ನಮ್ಮ ನಾಡಿಗೆ ಹೊಸದಲ್ಲ. ಪ್ರವಾಸೋದ್ಯಮಕ್ಕೆ ಸಹಾಯಧನವೆಂಬ ಮಾತು ಈಚೆಗೆ ಬಾನುಲಿಯಲ್ಲಿಯೂ ಪತ್ರಿಕೆಗಳಲ್ಲಿಯೂ ಪದೇ ಪದೇ ಕೇಳಿಬರುತ್ತಿದೆ. ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟು ಸಂಸಾರಕ್ಕೆ ಒಂದಿಷ್ಟು ಆಧಾರ ಮಾಡಿಕೊಳ್ಳಬೇಕೆಂದಿರುವವರು ಓದುಗರಾದ ನಿಮ್ಮಲ್ಲಿಯೂ ಇರಬಹುದು. ಆದುದರಿಂದ ಈ ಮಾತಿನ ಹಿಂದಿರುವ ಚರಿತ್ರೆಯನ್ನು ಸ್ವಲ್ಪ ಪರಿಶೀಲಿಸುವುದು ಅಪ್ರಕೃತವಾಗಲಾರದು.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವೆಂಬುದೊಂದಿತ್ತು. 1162ರ ಶಾಸನವೊಂದು ಅದನ್ನು ವಿಸ್ತಾರವಾಗಿ ವರ್ಣಿಸುತ್ತದೆ. ದೀನರು, ಅನಾಥರು, ಕುರುಡರು, ಕಿವುಡರು, ಹಾಡುವವರು, ನಾನಾ ದೇಶಗಳಿಂದ ಬಂದ ಭಿಕ್ಷುಕರು ಇವರೆಲ್ಲರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತು. ಇಂತಹ ಸ್ಥಾನಗಳು ನಡೆದುಬಂದುದು ದತ್ತಿಗಳಿಂದ. ಅರಸರು ಭೂಮಿಯನ್ನು ಬಿಟ್ಟರು; ವರ್ತಕರ ಸಂಘಗಳು ತಮ್ಮ ಹೇರುಗಳ ಮೇಲೆ ಇಂತಿಷ್ಟೆಂದು ಕಾಣಿಕೆ ಕಟ್ಟಿಕೊಂಡವು. ಎಲ್ಲೆಕಲ್ಲು ನೆಟ್ಟು, ಸಾಕ್ಷಿಗಳನ್ನು ಹೆಸರಿಸಿ, ಚಂದ್ರಸೂರ್ಯರಿರುವವರೆಗೆ ನಡೆಯಲೆಂದು ಹರಸಿ, ಅಳುಪಿದವನಿಗೆ ಶಾಪ ಹಾಕಿ ಶಾಸನವನ್ನು ಮುಗಿಸುತ್ತಿದ್ದರು.

ತರಗತಿಯಲ್ಲಿ ಶಾಸನಪಾಠ ನಡೆಯುವಾಗ ಮಕ್ಕಳು ಶಾಪದ ಭಾಗಕ್ಕೆ ಬಂದೊಡನೆ ನಗುವುದುಂಟು. ಆದರೆ ಗಮನವಿಡಬೇಕಾದ ಮಾತು ಅದಕ್ಕಿಂತ ಮೊದಲೇ ಬಂದುಹೋಗಿರುತ್ತದೆ. ದತ್ತಿಯ ಉದ್ದೇಶವನ್ನು ಹೇಳುವಲ್ಲಿ ಅನೇಕ ಶಾಸನಗಳು ಆಹಾರದಾನದೊಡನೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವನ್ನೂ ಸೇರಿಸುತ್ತವೆ. ಮುರಿದುದನ್ನು, ಬಿರುಕುಬಿಟ್ಟುದನ್ನು, ಹಳತಾದುದನ್ನು ಸರಿಪಡಿಸುವುದೆಂದು ಇದರ ಅರ್ಥ. ಕಟ್ಟಡವು ಕಟ್ಟಿದ ದಿನಕ್ಕೇ ಮುಗಿಯುವುದಿಲ್ಲ, ವರ್ಷವರ್ಷವೂ ಖರ್ಚು ಬೇಡುತ್ತದೆ ಎಂಬುದನ್ನು ಅಂದಿನವರು ಬಲ್ಲರು. ಆದುದರಿಂದಲೇ ಅವರು ಒಂದು ಗಂಟು ಹಣವನ್ನು ಕೊಡದೆ, ವರ್ಷವರ್ಷವೂ ಬೆಳೆ ಬರುವ ನೆಲವನ್ನು ಕೊಟ್ಟರು.

ಮುಂದೆ ಮೈಸೂರು ಸಂಸ್ಥಾನದಲ್ಲಿ ದೇವಾಲಯಗಳೊಡನೆ ಛತ್ರಗಳೂ ಮುಜರಾಯಿ ಇಲಾಖೆಯ ಆಡಳಿತಕ್ಕೆ ಬಂದವು. 1955ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳನ್ನು ರದ್ದುಮಾಡುವ ಕಾಯಿದೆಯಾಯಿತು. ಉಳುವವನಿಗೆ ನೆಲ ಸೇರಬೇಕೆಂಬ ನ್ಯಾಯ ಅದರ ಹಿಂದಿತ್ತು. ಇನಾಮು ಕಳೆದುಕೊಂಡ ಸಂಸ್ಥೆಗಳಿಗೆ ತಸ್ದೀಕು ಎಂಬ ವಾರ್ಷಿಕ ಹಣ ಗೊತ್ತಾಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಧಾನ್ಯದ ಬೆಲೆ ಏರಿದರೆ ನೆಲದ ಹುಟ್ಟುವಳಿಯ ಬೆಲೆಯೂ ಏರುತ್ತದೆ; ಗೊತ್ತುಮಾಡಿದ ಹಣವಾದರೋ ಯಾರಾದರೂ ಏರಿಸುವವರೆಗೆ ಇದ್ದಷ್ಟೇ ಇರುತ್ತದೆ. ನೆರವಿನ ರೂಪ ಬದಲಾದರೆ ಅದರ ಬಲವೂ ಬದಲಾಗುತ್ತದೆ.

ಇದುವರೆಗೆ ಹೇಳಿದ್ದು ಧರ್ಮದ ಮಾತು. ಛತ್ರದಲ್ಲಿ ಉಂಡವನಿಂದ ಯಾರೂ ಹಣ ಕೇಳುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಪ್ರವಾಸವು ದೊಡ್ಡ ವ್ಯಾಪಾರವಾಯಿತು. ಆಗ, ಲಾಭಕ್ಕಾಗಿ ವಸತಿ ನಡೆಸುವವನಿಗೂ ಸರ್ಕಾರ ಹಣ ಕೊಡಬಹುದೇ ಎಂಬ ಪ್ರಶ್ನೆ ಎದ್ದಿತು. ಕೊಡಬಹುದೆಂದು ಕಾಯಿದೆಯನ್ನೇ ಮಾಡಿದ ದೇಶಗಳಲ್ಲಿ ಬ್ರಿಟನ್ ಒಂದು. ಅಲ್ಲಿ ನಡೆದುದು ನಮಗೆ ಒಳ್ಳೆಯ ಪಾಠವಾಗಬಲ್ಲುದು.

1967ರ ನವೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು ಇಳಿಸಬೇಕಾಯಿತು. ವಿದೇಶೀ ಹಣದ ಅಭಾವ ಅಷ್ಟಿತ್ತು. ಹೊರನಾಡಿನ ಪ್ರವಾಸಿ ಬಂದರೆ ಹಣ ತರುತ್ತಾನೆ. ಆದರೆ ಅವನು ಇಳಿದುಕೊಳ್ಳಲು ಕೋಣೆಗಳು ಸಾಲವು. ಆದುದರಿಂದ 1969ರಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ಕಾಯಿದೆ ಬಂದಿತು. ಹೋಟೆಲು ಕಟ್ಟಿಸುವವನಿಗೆ ವೆಚ್ಚದಲ್ಲಿ ನೂರಕ್ಕೆ 20ರಷ್ಟು ಸಹಾಯಧನ. ಹಿಂದುಳಿದ ಪ್ರದೇಶಗಳಲ್ಲಿ ನೂರಕ್ಕೆ 25. ಒಂದು ಕೋಣೆಗೆ 1000 ಪೌಂಡು ಮೀರಬಾರದು. ಹಿಂದುಳಿದ ಪ್ರದೇಶದಲ್ಲಿ 1250 ಪೌಂಡಿನವರೆಗೆ ಕೊಡಬಹುದು. ಕೆಲಸವು 1971ರ ಏಪ್ರಿಲಿನೊಳಗೆ ಆರಂಭವಾಗಿ, 1973ರ ಮಾರ್ಚಿ ಕೊನೆಗೆ ಮುಗಿದಿರಬೇಕು.

ಉದ್ದೇಶ ಒಳ್ಳೆಯದೇ. ಆದರೆ ಅಳತೆಗೋಲನ್ನು ನೋಡಿ. ಹೊಸ ಹೋಟೆಲಿಗೆ ಕಡೆಯ ಪಕ್ಷ 10 ಕೋಣೆಗಳಿರಬೇಕು. ಲಂಡನ್ ನಗರದಲ್ಲಾದರೆ ಅದಕ್ಕಿಂತಲೂ ಹೆಚ್ಚು. ಕಡಲತೀರದ ಊರಿನಲ್ಲಿ ನಾಲ್ಕು ಕೋಣೆಗಳನ್ನಿಟ್ಟುಕೊಂಡು, ಬೆಳಗಿನ ತಿಂಡಿಯನ್ನು ತಾನೇ ಮಾಡಿ ಬಡಿಸುವ ಗೃಹಿಣಿ ಈ ಹೊಸ್ತಿಲನ್ನು ದಾಟುವುದು ಹೇಗೆ? ಮಿಕ್ಕ ನೂರಕ್ಕೆ 80 ಭಾಗವನ್ನು ಅವಳು ಎಲ್ಲಿಂದ ತರಬೇಕು? ಕೈಯಲ್ಲಿ ಬಂಡವಾಳವಿದ್ದ ದೊಡ್ಡ ಸಂಸ್ಥೆಗಳು ಗಡುವಿನೊಳಗೆ ಕಟ್ಟಿ ಮುಗಿಸಲು ಧಾವಿಸಿದವು. ಲಂಡನಿನಲ್ಲಿ ದೊಡ್ಡ ದೊಡ್ಡ ಹೋಟೆಲುಗಳು ಒಟ್ಟೊಟ್ಟಿಗೆ ಎದ್ದು, ಅನಂತರದ ಕೆಲವು ವರ್ಷಗಳಲ್ಲಿ ಅಲ್ಲಿ ಕೋಣೆಗಳು ಬೇಡಿಕೆಯನ್ನು ಮೀರಿದವು.

ಅದೇ ಕಾಯಿದೆಯ 4ನೆಯ ಪ್ರಕರಣ ಬೇರೊಂದು ದಾರಿ ತೋರಿಸಿತು. ಅದರ ಮೇರೆಗೆ ಪ್ರವಾಸಿ ಮಂಡಲಿಗಳು ಒಂದೊಂದು ಯೋಜನೆಯನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ ಸಹಾಯಧನವನ್ನಾಗಲಿ ಸಾಲವನ್ನಾಗಲಿ ಕೊಡಬಹುದಾಗಿತ್ತು. ಇದರಿಂದ ಸಣ್ಣ ಅತಿಥಿಗೃಹದವರಿಗೂ ಬಾಗಿಲು ತೆರೆಯಿತು. ಇಂಗ್ಲೆಂಡಿನಲ್ಲಿ ಈ ನೆರವನ್ನು 1989ರಲ್ಲಿ ನಿಲ್ಲಿಸಲಾಯಿತು. ಸರ್ಕಾರದ ಮನಸ್ಸು ಬದಲಾದರೆ ಸಹಾಯಧನ ನಿಲ್ಲುತ್ತದೆ. ಅದಕ್ಕೆ ಚಂದ್ರಸೂರ್ಯರ ಸಾಕ್ಷಿಯಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಸ್ವಾತಂತ್ರ್ಯಾನಂತರ ನಮ್ಮ ಸರ್ಕಾರಗಳು ಮೊದಲು ತಾವೇ ವಸತಿ ಕಟ್ಟಲು ಹೊರಟವು. ದೆಹಲಿಯ ಅಶೋಕ ಹೋಟೆಲು 1956ರಲ್ಲಿ ಆರಂಭವಾಯಿತು. 1966ರಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವೂ, 1971ರಲ್ಲಿ ನಮ್ಮ ರಾಜ್ಯದ ನಿಗಮವೂ ಹುಟ್ಟಿದವು. ಮನೆಯಲ್ಲಿಯೇ ಅತಿಥಿಗಳನ್ನಿಟ್ಟುಕೊಳ್ಳುವ ಸಣ್ಣವನತ್ತ ದೃಷ್ಟಿ ಹರಿಯಲು ಬಹುಕಾಲ ಹಿಡಿಯಿತು. ಕೊಡಗಿನಲ್ಲಿ ಕಾಫಿಯ ಬೆಲೆ ಕುಸಿದಾಗ ಅನೇಕ ತೋಟದ ಮನೆಯವರು ತಾವಾಗಿಯೇ ಹೋಂಸ್ಟೇ ತೆರೆದು ಬದುಕು ಸಾಗಿಸಿದುದನ್ನು ನೀವು ಬಲ್ಲಿರಿ.

2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಬುಡಕಟ್ಟು ಗ್ರಾಮಗಳ ಅಭಿಯಾನದಲ್ಲಿ ಈ ದೃಷ್ಟಿ ಸ್ಪಷ್ಟವಾಗಿದೆ. ಸ್ವದೇಶ ದರ್ಶನ ಯೋಜನೆಯ ಅಂಗವಾಗಿ 1000 ಹೋಂಸ್ಟೇಗಳಿಗೆ ನೆರವು. ಹೊಸದಾಗಿ ಕಟ್ಟಲು 5 ಲಕ್ಷ ರೂಪಾಯಿಗಳವರೆಗೆ, ಇರುವ ಮನೆಯನ್ನು ದುರಸ್ತಿಮಾಡಲು 3 ಲಕ್ಷದವರೆಗೆ, ಗ್ರಾಮದ ಸಮುದಾಯದ ಅಗತ್ಯಗಳಿಗೆ 5 ಲಕ್ಷ. ಹತ್ತು ಕೋಣೆಗಳ ಹೊಸ್ತಿಲು ಇಲ್ಲಿಲ್ಲ. ಒಂದು ಕುಟುಂಬವೇ ಅಳತೆ. ಅಷ್ಟೇ ಅಲ್ಲ, ದುರಸ್ತಿಗೆಂದು ಬೇರೆಯಾಗಿಯೇ ಹಣ ತೆಗೆದಿಟ್ಟಿರುವುದನ್ನು ಕಂಡಾಗ ನಮ್ಮ ಶಾಸನಗಳ ಜೀರ್ಣೋದ್ಧಾರ ನೆನಪಿಗೆ ಬರುತ್ತದೆ. 2025ರ ಕೇಂದ್ರ ಮುಂಗಡಪತ್ರದಲ್ಲಿ ಹೋಂಸ್ಟೇಗಳಿಗೆ ಮುದ್ರಾ ಸಾಲವನ್ನೂ ಸಾರಲಾಯಿತು. ಆದರೆ ಅದು ಸಾಲ, ಹಿಂದಿರುಗಿಸತಕ್ಕದ್ದು. ಎರಡನ್ನೂ ಒಂದೇ ಎಂದು ಭಾವಿಸಬಾರದು.

ಹೀಗೆ ನೋಡುತ್ತ ಬಂದರೆ, ಕೊಡುವ ಮೊತ್ತಕ್ಕಿಂತ ಕೊಡುವ ಅಳತೆಯೇ ಮುಖ್ಯವೆಂಬುದು ಮನವರಿಕೆಯಾಗುತ್ತದೆ. ಅಳತೆ ದೊಡ್ಡವನಿಗೆ ಹೊಂದಿದ್ದರೆ ಸಣ್ಣವನ ಹೆಸರಿನಲ್ಲಿ ಹೊರಟ ಹಣವೂ ದೊಡ್ಡವನ ಮನೆಯನ್ನೇ ಸೇರುತ್ತದೆ. ನಿಮ್ಮಲ್ಲಿ ಯಾರಾದರೂ ಇಂತಹ ನೆರವಿಗೆ ಅರ್ಜಿ ಬರೆಯುವವರಿದ್ದರೆ ಕೆಲವು ಸಂಗತಿಗಳನ್ನು ಮೊದಲೇ ವಿಚಾರಿಸಿ ತಿಳಿದುಕೊಳ್ಳಿರಿ. ನಮ್ಮಷ್ಟು ಸಣ್ಣ ಮನೆಗೆ ಇದು ಅನ್ವಯಿಸುತ್ತದೆಯೇ? ಹಣವು ಕೆಲಸಕ್ಕೆ ಮೊದಲು ಕೈಸೇರುತ್ತದೆಯೋ, ಕೆಲಸ ಮುಗಿದ ಮೇಲೋ? ನಮ್ಮ ಪಾಲಿನ ಹಣ ಎಷ್ಟು? ಬರುವ ವರ್ಷ ಹೆಂಚು ಒಡೆದರೆ, ಬಚ್ಚಲು ಸೋರಿದರೆ ಆ ಖರ್ಚು ಯಾರದು? ಇವಕ್ಕೆ ಸಂಬಂಧಪಟ್ಟ ಕಚೇರಿಯಲ್ಲಿ ಬರೆವಣಿಗೆಯ ಉತ್ತರ ಪಡೆದು, ಮನೆಯವರೆಲ್ಲ ಕೂಡಿ ಲೆಕ್ಕ ಹಾಕಿ, ಆ ಮೇಲೆ ಅರ್ಜಿಗೆ ರುಜು ಹಾಕುವುದು ಕ್ಷೇಮ.