ಅಟ್ಟ ಅಂತ ಬರೆದುಕೊಟ್ಟ ಮಹಡಿ

ಫ್ಲ್ಯಾಟು ಕೊಂಡ ಗೆಳೆಯರ ಮನೆಗೆಲ್ಲ ಹೋದಾಗ ಈಗೀಗ ಒಂದೇ ಚರ್ಚೆ. ಹಾಲು, ಊಟದ ಜಾಗ, ಅಡುಗೆಮನೆ ಎಲ್ಲಾ ಒಂದೇ ಬಯಲು, ಇದನ್ನ ಪಾಲು ಮಾಡೋದು ಹೇಗೆ? ಒಬ್ಬ ಪರದೆ ಅಂತಾನೆ, ಇನ್ನೊಬ್ಬ ಪುಸ್ತಕದ ಕಪಾಟು ಅಡ್ಡ ಇಡು ಅಂತಾನೆ. ಈ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ಒಬ್ಬ ಬಡಗಿ ಮತ್ತು ಒಬ್ಬ ವಿಧವೆ ಸೇರಿ ಕೊಟ್ಟ ಉತ್ತರ ನನಗಂತೂ ಬಹಳ ಇಷ್ಟ. ಅದನ್ನ ಇಲ್ಲಿ ಬರೆದಿಡೋಣ ಅನ್ನಿಸ್ತು.

ಊರು ನೆದರ್ಲೆಂಡ್ಸಿನ ಉಟ್ರೆಕ್ಟ್. ಟ್ರೂಸ್ ಶ್ರೋಡರ್ ಅನ್ನೋ ಹೆಂಗಸಿನ ಗಂಡ ವಕೀಲ, 1923ರಲ್ಲಿ ತೀರಿಕೊಂಡ. ಆಗ ಆಕೆಗೆ 34 ವರ್ಷ, ಮೂರು ಮಕ್ಕಳು. ಇದ್ದ ದೊಡ್ಡ ಮನೆ ಆಕೆಗೆ ಮೊದಲಿಂದಲೂ ಹಿಡಿಸಿರಲಿಲ್ಲ. ಅದರಲ್ಲೇ ಒಂದು ಕೋಣೆಯನ್ನ ತನಗೆ ಬೇಕಾದಂತೆ ಮಾಡಿಕೊಟ್ಟಿದ್ದ ಗೆರಿಟ್ ರೀಟ್‌ವೆಲ್ಡ್‌ಗೆ ಹೊಸ ಮನೆ ಕಟ್ಟಿಕೊಡು ಅಂದಳು. ರೀಟ್‌ವೆಲ್ಡ್ ಬಡಗಿಯ ಮಗ, ಸ್ವತಃ ಪೀಠೋಪಕರಣ ಮಾಡುವವ. ಪೂರ್ತಿ ಮನೆ ಅಂತ ಅವನು ಕಟ್ಟಿದ್ದು ಇದೇ ಮೊದಲು!

1924ರಲ್ಲಿ ಮುಗಿದ ಆ ಪುಟ್ಟ ಮನೆಯ ಕೆಳ ಅಂತಸ್ತು ಸಂಭಾವಿತ. ಗೋಡೆ, ಬಾಗಿಲು, ಕೋಣೆ ಎಲ್ಲಾ ಉಂಟು. ಮೇಲಿನದು ಬೇರೆ ಕಥೆ. ಮಕ್ಕಳನ್ನ ಯಾವುದೋ ಕೋಣೆಗೆ ತಳ್ಳಿ ದೊಡ್ಡವರು ಇನ್ನೆಲ್ಲೋ ಕೂತು ಮಾತಾಡೋದು ಟ್ರೂಸ್‌ಗೆ ಬೇಡವಾಗಿತ್ತು. ಗೋಡೆಗಳನ್ನೆಲ್ಲ ತೆಗೆಸಿಬಿಟ್ಟಳು. ಆದರೆ ಗೋಡೆಯೇ ಇಲ್ಲದ ಮಹಡಿ ಆಗಿನ ಕಟ್ಟಡದ ನಿಯಮಕ್ಕೆ ಒಗ್ಗಲ್ಲವಲ್ಲ? ನಕ್ಷೆಯಲ್ಲಿ ಅದನ್ನ "ಅಟ್ಟ" ಅಂತ ತೋರಿಸಿ ಅನುಮತಿ ಪಡೆದರು. ನಮ್ಮೂರಲ್ಲಿ ಪಾರ್ಕಿಂಗ್ ಅಂತ ತೋರಿಸಿ ಅಂಗಡಿ ಮಾಡ್ತಾರಲ್ಲ, ಹಾಗೇ :-)

ನಡುವೆ ಮೆಟ್ಟಿಲು. ಅದರ ಸುತ್ತ ಜಾರುವ, ತಿರುಗುವ ಹಲಗೆಗಳು. ಹಗಲಲ್ಲಿ ಎಲ್ಲವನ್ನೂ ಸರಿಸಿದರೆ ಒಂದೇ ಬಯಲು. ರಾತ್ರಿ ಎಳೆದರೆ ಮಗನಿಗೊಂದು ಕೋಣೆ, ಹೆಣ್ಣುಮಕ್ಕಳಿಬ್ಬರಿಗೊಂದು, ಅಮ್ಮನಿಗೊಂದು, ಉಳಿದದ್ದು ಊಟಕ್ಕೆ, ಕೂರೋದಕ್ಕೆ. ನೆಲಕ್ಕೂ ಕೆಂಪು, ಕಪ್ಪು, ಬೂದು, ಬಿಳಿ ಬಣ್ಣದ ತುಂಡುಗಳು. ಹಾಗಾಗಿ ಹಲಗೆ ಸರಿಸಿದ ಮೇಲೂ ಯಾವ ಜಾಗ ಎಲ್ಲಿ ಮುಗೀತು ಅಂತ ಕಣ್ಣಿಗೆ ಗೊತ್ತಾಗುತ್ತೆ. ಊಟದ ಮೇಜಿನ ಹತ್ತಿರದ ಮೂಲೆಯ ಎರಡು ಕಿಟಕಿ ತೆರೆದರಂತೂ ಮನೆಯ ಮೂಲೆಯೇ ಮಾಯ, ನಡುವೆ ಕಂಬವಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕಟ್ಟುವಾಗಲೇ ಹಾರ್ಡ್‌ಕೋಡ್ ಆಗ್ತಿದ್ದ ಗೋಡೆಯನ್ನ ಇವರು ರನ್‌ಟೈಮ್‌ಗೆ ತಂದರು.

ಇದರಲ್ಲೇನು ಹೊಸದು, ನಮ್ಮಜ್ಜಿ ಮನೆಯ ನಡುಮನೆ ಹಗಲು ಊಟದ ಮನೆ, ರಾತ್ರಿ ಹಾಸಿಗೆ ಬಿಚ್ಚಿದರೆ ಮಲಗೋ ಮನೆ ಅಂತ ನೀವು ಕೇಳಬಹುದು. ನಿಜ. ಆದರೆ ನಡುಮನೆಯಲ್ಲಿ ಹನ್ನೆರಡು ವರ್ಷದ ಹುಡುಗನಿಗೆ ತನ್ನದು ಅಂತ ಒಂದು ಮೂಲೆ ಸಿಗ್ತಿರಲಿಲ್ಲ. ಇಲ್ಲಿ ಸಿಕ್ಕಿತು, ಅದೂ ಸಂಜೆಯ ಮೇಲೆ. ಹಗಲು ಮಾತ್ರ ಅವನು ಎಲ್ಲರ ಮಧ್ಯೆ ಇರಬೇಕು. ಇದು ಅಮ್ಮನ ತೀರ್ಮಾನ, ಮಕ್ಕಳನ್ನ ಎಷ್ಟರಮಟ್ಟಿಗೆ ಕೇಳಿದರೋ! ದಿನಾ ಸಂಜೆ ಅಷ್ಟೊಂದು ಹಲಗೆ ಎಳೆಯೋದೂ ಒಂದು ಕೆಲಸವೇ. ಹಲಗೆ ಕಣ್ಣಿಗೆ ಅಡ್ಡ ಬಂದಷ್ಟು ಕಿವಿಗೆ ಬರಲ್ಲ ಅನ್ನೋದನ್ನ ಪಿ.ಜಿ.ಯಲ್ಲಿ ಪ್ಲೈವುಡ್ ಗೋಡೆ ಪಕ್ಕ ಮಲಗಿದ ಯಾರನ್ನಾದರೂ ಕೇಳಿ.

ಇತಿಹಾಸದ ಪುಸ್ತಕಗಳು ಬಹಳ ಕಾಲ ಈ ಮನೆಯನ್ನ ರೀಟ್‌ವೆಲ್ಡ್‌ನ ಕೃತಿ ಅಂತಲೇ ಬರೆದವು, ಟ್ರೂಸ್ ಬರೀ ಮಾಲೀಕಳು. ಗೋಡೆ ಬೇಡ ಅಂದವಳು ಅವಳು ಅನ್ನೋದು ನಿಧಾನವಾಗಿ ಮುನ್ನೆಲೆಗೆ ಬಂತು. 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹೆಸರು ರೀಟ್‌ವೆಲ್ಡ್ ಶ್ರೋಡರ್ ಮನೆ, ಇಬ್ಬರದ್ದೂ.

ರೀಟ್‌ವೆಲ್ಡ್ ತನ್ನ ಹೆಂಡತಿ ತೀರಿಕೊಂಡ ಮೇಲೆ ಇದೇ ಮನೆಗೆ ಬಂದು, 1964ರಲ್ಲಿ ಸಾಯುವ ತನಕ ಇದ್ದ. ಅಷ್ಟರಲ್ಲಿ ಎದುರಿಗಿದ್ದ ಬಯಲ ನೋಟಕ್ಕೆ ಅಡ್ಡವಾಗಿ ಎತ್ತರದ ಹೆದ್ದಾರಿ ಬಂತು. ಟ್ರೂಸ್ 1985ರಲ್ಲಿ ತನ್ನ 95ನೇ ವಯಸ್ಸಿನಲ್ಲಿ ಸಾಯುವವರೆಗೂ ಅಲ್ಲೇ ಬಾಳಿದಳು. ನಡುವೆ ಮೂವತ್ತರ ದಶಕದಲ್ಲಿ ಆಕೆಗಾಗಿ ಆ ಮನೆಯ ಚಾವಣಿಯ ಮೇಲೆ ಒಂದು ಸಣ್ಣ ಕೋಣೆ ಕಟ್ಟಿಸಿದ್ದರು. ಆಮೇಲೆ ಅದನ್ನ ಕೆಡವಿಸಿದರು, ಈಗ ಫೋಟೋಗಳಲ್ಲಿ ಹುಡುಕಿದರೆ ಕಾಣಲ್ಲ.