ಜಂಬಿಟ್ಟಿಗೆಯ ನಾಡಿನಿಂದ ಮಂಗಳನ ಕಡೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮಳೆ ಹಿಂದಾದ ಮೇಲೆ ಅಡಿಕೆ ತೋಟದ ಕಾದಿಗೆಗಳಲ್ಲಿ, ಧರೆಯಿಂದ ನೀರು ಜಿನುಗುವ ಜಾಗಗಳಲ್ಲಿ ತುಕ್ಕು ಬಣ್ಣದ ಲೋಳೆ ಕಟ್ಟಿಕೊಳ್ಳುತ್ತದೆ. ಅದರ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣ ಬಣ್ಣದ ತೆಳ್ಳನೆಯ ಪೊರೆ. ಕಡ್ಡಿಯಿಂದ ಅದನ್ನು ಕದಡಿ ನೋಡಬೇಕು. ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ಚೂರು ಚೂರಾಗಿ ಒಡೆದು ಹಾಗೆಯೇ ತೇಲುತ್ತದೆ. ಗಾಳಿಯಾಡದ ಕೆಸರಿನಲ್ಲಿ ಕರಗಿದ ಕಬ್ಬಿಣ ಹೊರಗೆ ಬಂದು ಗಾಳಿ ಸೋಕಿದಾಗ, ಅದನ್ನು ತುಕ್ಕಾಗಿಸುವ ಬ್ಯಾಕ್ಟೀರಿಯಗಳು ಇಲ್ಲಿ ಕೆಲಸ ಮಾಡುತ್ತಿರುತ್ತವೆ. ಲೆಪ್ಟೊಥ್ರಿಕ್ಸ್, ಗ್ಯಾಲಿಯೊನೆಲ್ಲ ಅವುಗಳಲ್ಲಿ ಹೆಸರಾದವು. ಸೂಕ್ಷ್ಮದರ್ಶಕದಡಿ ಇಟ್ಟರೆ ಲೆಪ್ಟೊಥ್ರಿಕ್ಸ್ ಕಟ್ಟಿಕೊಂಡ ಕಬ್ಬಿಣದ ಕೊಳವೆಗಳು ಕಾಣುತ್ತವೆ.

ಆದರೆ ಜೀವಿಗಳ ಹಂಗಿಲ್ಲದೆಯೂ ಕಬ್ಬಿಣ ತುಕ್ಕು ಹಿಡಿಯುತ್ತದೆ. ಇದೇ ಲೋಳೆ ಒಣಗಿ, ಹೂತು, ಕಲ್ಲಾಗಿ, 300 ಕೋಟಿ ವರ್ಷ ಕಳೆದ ಮೇಲೆ ಯಾರ ಕೈಗಾದರೂ ಸಿಕ್ಕಿದರೆ ಅದು ಜೀವಿಯ ಕೆಲಸವೋ ಬರೀ ರಸಾಯನದ ಕೆಲಸವೋ ಎಂದು ಹೇಗೆ ಹೇಳುವುದು? ಬೇರೆ ಗ್ರಹಗಳಲ್ಲಿ ಸೂಕ್ಷ್ಮಜೀವಿಗಳ ಹುಡುಕಾಟ ಐವತ್ತು ವರ್ಷಗಳಿಂದ ಈ ಪ್ರಶ್ನೆಯ ಜತೆಗೇ ಸೆಣಸುತ್ತಿದೆ. ಆ ಹುಡುಕಾಟದ ಮುಖ್ಯ ಗಳಿಕೆ ಯಾವುದೋ ಜೀವಿ ಸಿಕ್ಕಿತೆಂಬುದಲ್ಲ. ಜೀವ ಇಲ್ಲದೆಯೂ ಜೀವದ ಗುರುತಿನಂತೆ ಕಾಣುವ ಸಂಗತಿಗಳನ್ನು ಒಂದೊಂದಾಗಿ ಬೇರ್ಪಡಿಸಲು ಕಲಿತದ್ದೇ ಅದರ ದೊಡ್ಡ ಗಳಿಕೆ ಎಂದು ನಾನು ನಂಬಿದ್ದೇನೆ.

ಮೊದಲ ಪಾಠ ಕಲಿಸಿದ್ದು ವೈಕಿಂಗ್ ನೌಕೆಗಳು. 1976ರ ಜುಲೈ 20ರಂದು ವೈಕಿಂಗ್-1, ಸೆಪ್ಟೆಂಬರ್ 3ರಂದು ವೈಕಿಂಗ್-2 ಮಂಗಳದ ಮೇಲಿಳಿದವು. ಗಿಲ್ಬರ್ಟ್ ಲೆವಿನ್ ರೂಪಿಸಿದ ಪ್ರಯೋಗದಲ್ಲಿ ಮಂಗಳದ ಮಣ್ಣಿಗೆ ವಿಕಿರಣಶೀಲ ಇಂಗಾಲ ಬೆರೆತ ಪೋಷಕ ದ್ರವ ಹನಿಸಿದಾಗ ಕೂಡಲೇ ಅನಿಲ ಹೊಮ್ಮಿತು. ಜೀವಿ ಉಂಡು ಉಸಿರು ಬಿಟ್ಟರೆ ಹಾಗೆಯೇ ಆಗಬೇಕಿತ್ತು. ಆದರೆ ಅದೇ ನೌಕೆಯ ಇನ್ನೊಂದು ಉಪಕರಣಕ್ಕೆ ಮಣ್ಣಿನಲ್ಲಿ ಸಾವಯವ ವಸ್ತುವೇ ಸಿಗಲಿಲ್ಲ. ದೇಹವೇ ಇಲ್ಲದೆ ಉಸಿರು ಎಲ್ಲಿಂದ ಬಂತು? ಉತ್ತರದ ಸುಳಿವು ಸಿಕ್ಕಿದ್ದು 32 ವರ್ಷದ ಮೇಲೆ, 2008ರಲ್ಲಿ. ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣ ಕಂಡುಹಿಡಿಯಿತು. ಕಾಯಿಸಿದರೆ ಸಾವಯವ ವಸ್ತುವನ್ನು ಸುಟ್ಟುಬಿಡುವ ಲವಣ ಅದು. ವೈಕಿಂಗ್ ಮಣ್ಣನ್ನು ಕಾಯಿಸಿಯೇ ಪರೀಕ್ಷಿಸಿತ್ತು. ಲೆವಿನ್ ಮಾತ್ರ ತಮ್ಮ ಪ್ರಯೋಗ ಕಂಡದ್ದು ಜೀವವನ್ನೇ ಎಂದು ಕೊನೆಯವರೆಗೂ ವಾದಿಸಿದರು.

ಅಂಟಾರ್ಕ್ಟಿಕದಲ್ಲಿ ಸಿಕ್ಕ ಮಂಗಳದ ಉಲ್ಕೆಯೊಂದರಲ್ಲಿ ಬ್ಯಾಕ್ಟೀರಿಯದ ಅವಶೇಷವಿದೆ ಎಂದು 1996ರಲ್ಲಿ ನಾಸಾದ ಡೇವಿಡ್ ಮೆಕೇ ತಂಡ ಹೇಳಿದಾಗ ಅಮೆರಿಕದ ಅಧ್ಯಕ್ಷರೇ ಮಾಧ್ಯಮದ ಮುಂದೆ ಬಂದು ಮಾತಾಡಿದ್ದರು. ಆ ಗುರುತುಗಳಿಗೆಲ್ಲ ಜೀವವಿಲ್ಲದ ದಾರಿಗಳೂ ಇವೆಯೆಂದು ಮುಂದಿನ ವರ್ಷಗಳಲ್ಲಿ ಒಬ್ಬೊಬ್ಬರಾಗಿ ತೋರಿಸಿಕೊಟ್ಟರು.

ಭಾರತ ಈ ಕ್ಷೇತ್ರಕ್ಕೆ ಕಾಲಿಟ್ಟ ಕಥೆ ಕನ್ನಡಿಗರಿಗೆ ಹತ್ತಿರದ್ದು. ಭೂಮಿಯ ಮೇಲಣ ಜೀವ ಧೂಮಕೇತುಗಳ ದೂಳಿನಿಂದ ಉದುರಿದ್ದಿರಬಹುದೇ ಎಂದು ಖಗೋಳವಿಜ್ಞಾನಿಗಳಾದ ಫ್ರೆಡ್ ಹಾಯ್ಲ್ ಮತ್ತು ಚಂದ್ರ ವಿಕ್ರಮಸಿಂಘೆ ಎತ್ತಿದ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಲು ಇಸ್ರೋ ಬಲೂನುಗಳನ್ನು ಮೇಲಕ್ಕೆ ಬಿಟ್ಟಿತು. ಇದರ ಬೆನ್ನಿಗೆ ನಿಂತವರು ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಇಸ್ರೋ ವಿಜ್ಞಾನಿ ಯು. ಆರ್. ರಾವ್. ಪ್ರಯೋಗದ ಮುಖ್ಯ ಸಂಶೋಧಕರು ಜಯಂತ ನಾರ್ಳೀಕರ್. 2001ರಲ್ಲಿ ಮೊದಲ ಹಾರಾಟ ನಡೆಯಿತು, 2005ರ ಏಪ್ರಿಲ್ 20ರಂದು ಹೈದರಾಬಾದಿನಿಂದ ಎರಡನೆಯದು. ಬಲೂನಿನ ಕೆಳಗೆ ತೂಗಿದ್ದು 459 ಕಿಲೋ ಭಾರದ ಉಪಕರಣ. ಅದರಲ್ಲಿ ಗಾಳಿ ತೆಗೆದು, ಕ್ರಿಮಿಶುದ್ಧ ಮಾಡಿದ 16 ಉಕ್ಕಿನ ಉರುಳೆಗಳು ದ್ರವ ನಿಯಾನಿನಲ್ಲಿ ಮುಳುಗಿದ್ದವು. ಆ ಶೀತಕ್ಕೆ, ಉರುಳೆಯ ಬಾಯಿ ತೆರೆದೊಡನೆ ಹೊರಗಿನ ವಿರಳ ಗಾಳಿ ತಾನಾಗಿ ಒಳಗೆ ಬಂದು ಸೇರುತ್ತಿತ್ತು. 20ರಿಂದ 41 ಕಿ.ಮೀ. ಎತ್ತರದವರೆಗಿನ ಗಾಳಿ ಹಾಗೆ ಸಂಗ್ರಹವಾಯಿತು.

ಹೈದರಾಬಾದಿನ ಸಿಸಿಎಂಬಿ, ಪುಣೆಯ ಎನ್‌ಸಿಸಿಎಸ್ ಪ್ರಯೋಗಾಲಯಗಳೆರಡರಲ್ಲೂ ಬೇರೆ ಬೇರೆಯಾಗಿ ಪರೀಕ್ಷೆ ನಡೆಯಿತು. ನನಗೆ ಇಡೀ ಪ್ರಯೋಗದಲ್ಲಿ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಇದೇ. ಒಂದು ಪ್ರಯೋಗಾಲಯದ ಗಾಜಿನ ತಟ್ಟೆಗೆ ಕೈಯಿಂದಲೋ ಗಾಳಿಯಿಂದಲೋ ಸೇರಿಕೊಂಡ ಜೀವಿ ಇನ್ನೊಂದು ಊರಿನ ತಟ್ಟೆಯಲ್ಲೂ ಕಾಣಿಸಿಕೊಳ್ಳುವುದು ಕಷ್ಟ. 12 ಬಗೆಯ ಬ್ಯಾಕ್ಟೀರಿಯ, 6 ಬಗೆಯ ಶಿಲೀಂಧ್ರ ಬೆಳೆದವು. ಮೂರು ಬ್ಯಾಕ್ಟೀರಿಯಗಳು ಹೊಸ ಪ್ರಭೇದಗಳೆಂದು 2009ರ ಮಾರ್ಚಿನಲ್ಲಿ ಇಸ್ರೋ ಪ್ರಕಟಿಸಿತು. ಒಂದಕ್ಕೆ ಹಾಯ್ಲ್ ಹೆಸರು, ಒಂದಕ್ಕೆ ಇಸ್ರೋ ಹೆಸರು, ಇನ್ನೊಂದಕ್ಕೆ ಆರ್ಯಭಟನ ಹೆಸರು ಇಟ್ಟರು. ಮೂರೂ ಅತಿನೇರಳೆ ಕಿರಣವನ್ನು ತಮ್ಮ ಹತ್ತಿರದ ನೆಂಟರಿಗಿಂತ ಚೆನ್ನಾಗಿ ತಡೆದುಕೊಂಡವು. ಇಷ್ಟಾದರೂ ಇವು ಭೂಮಿಯ ಹೊರಗಿನವು ಎಂದು ಇದರಿಂದ ಸಾಬೀತಾಗುವುದಿಲ್ಲ ಎಂಬ ಮಾತನ್ನು ಇಸ್ರೋ ಪ್ರಕಟಣೆಯಲ್ಲೇ ಸೇರಿಸಿತು. ಅದು ಸರಿಯಾದ ಎಚ್ಚರ. ಆರ್ಯಭಟನ ಹೆಸರಿನ ಬ್ಯಾಸಿಲಸ್ ಆಮೇಲೆ ಹಲವು ದೇಶಗಳ ಹೊಲದ ಮಣ್ಣಿನಲ್ಲಿ, ಗಿಡಗಳ ಬೇರಿನ ಸುತ್ತ ಸಿಗುತ್ತ ಬಂತು. ಮೇಲೆ ಸಿಕ್ಕಿದ್ದೆಲ್ಲ ಮೇಲಿನಿಂದ ಬಂದದ್ದಲ್ಲ. ಆದರೆ 41 ಕಿ.ಮೀ. ಎತ್ತರದವರೆಗಿನ ಚಳಿ, ವಿಕಿರಣ, ವಿರಳ ಗಾಳಿಗಳ ನಡುವೆ ಜೀವ ಉಳಿಯಬಲ್ಲದು ಎಂದು ತಿಳಿದದ್ದು ಸಣ್ಣ ಲಾಭವೇನಲ್ಲ.

ಮೊದಲ ಬಲೂನು ಹಾರಿದ ವರ್ಷವೇ, 2001ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಕೇರಳದ ಕೊಟ್ಟಾಯಂ, ಇಡುಕ್ಕಿ ಕಡೆ ಕೆಂಪು ಮಳೆ ಸುರಿಯಿತು. ಭೌತವಿಜ್ಞಾನಿ ಗಾಡ್‌ಫ್ರಿ ಲೂಯಿಸ್, ಸಂತೋಷ್ ಕುಮಾರ್ ಮಳೆನೀರಿನ ಕೆಂಪು ಕಣಗಳು ಧೂಮಕೇತುವಿನಿಂದ ಬಂದ ಜೀವಕೋಶಗಳಿರಬಹುದೆಂದು 2006ರಲ್ಲಿ ಬರೆದದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ತಿರುವನಂತಪುರದ ಭೂವಿಜ್ಞಾನ ಮತ್ತು ಸಸ್ಯವಿಜ್ಞಾನ ಸಂಸ್ಥೆಗಳು 2001ರಲ್ಲೇ ಬೇರೆ ಉತ್ತರ ಕೊಟ್ಟಿದ್ದವು: ಟ್ರೆಂಟೆಪೋಲಿಯ ಎಂಬ ಹಾವಸೆಯ ಬೀಜಕಣಗಳು. ಮುಂದೆ ನಡೆದ ಡಿಎನ್‌ಎ ಪರೀಕ್ಷೆಗಳೂ ಅದನ್ನೇ ಹೇಳಿದವು.

ಟ್ರೆಂಟೆಪೋಲಿಯ ಮಲೆನಾಡಿಗರಿಗೆ ಹೆಸರಿನಿಂದ ಗೊತ್ತಿರದಿದ್ದರೂ ಕಣ್ಣಿಗೆ ಹೊಸದಲ್ಲ. ಪಶ್ಚಿಮಘಟ್ಟದುದ್ದಕ್ಕೂ ಮರದ ತೊಗಟೆಯ ಮೇಲೆ, ಹಳೆ ಗೋಡೆಗಳ ಮೇಲೆ ಕಿತ್ತಳೆ-ಕೆಂಪು ಬಣ್ಣದ ಮಖಮಲ್ಲಿನಂತೆ ಹಬ್ಬುವ ಹಾವಸೆ ಅದು. ಹಸಿರು ಹಾವಸೆಯ ಕುಲದ್ದೇ ಆದರೂ ಒಳಗಿನ ಕ್ಯಾರೊಟೀನ್ ಹಸಿರನ್ನು ಮುಚ್ಚಿಬಿಡುತ್ತದೆ. ತೇವದ ಕಾಡಿನಲ್ಲಿ ದಿನವೂ ಓಡಾಡುವವರು ಅಂದು ಪ್ರಶ್ನೆ ಕೇಳುವ ಜಾಗದಲ್ಲಿದ್ದಿದ್ದರೆ ಮೊದಲು ಮರದ ಕಾಂಡದ ಕಡೆ ನೋಡುತ್ತಿದ್ದರು.

ಮಣ್ಣು ಬಿಟ್ಟು ಗಾಳಿಯಲ್ಲಿ ಹುಡುಕುವ ದಾರಿಯೂ ಬೆಳೆಯಿತು. ಗದ್ದೆಯ ಕೆಸರಿನಿಂದಲೂ ಗೋಬರ್ ಗ್ಯಾಸಿನ ಗುಂಡಿಯಿಂದಲೂ ಏಳುವ ಮೀಥೇನ್ ಸೂಕ್ಷ್ಮಜೀವಿಗಳ ಉತ್ಪನ್ನ. ಮಂಗಳದಲ್ಲಿ ಅದರ ಸುಳಿವಿದೆ ಎಂಬ ವರದಿಗಳು 2004ರಿಂದ ಬಂದವು. 2013ರ ನವೆಂಬರ್ 5ರಂದು ಹೊರಟು 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿದ ಮಂಗಳಯಾನ ಮೀಥೇನ್ ಸಂವೇದಕವನ್ನೂ ಹೊತ್ತಿತ್ತು. ಬೆಂಗಳೂರಿನ ಪೀಣ್ಯ, ಬ್ಯಾಲಾಳುಗಳಿಂದ ನೌಕೆಯ ಜತೆ ಮಾತುಕತೆ ನಡೆಯುತ್ತಿತ್ತು. ಮೀಥೇನ್ ಇದೆ ಅಥವಾ ಇಲ್ಲ ಎಂಬ ತೀರ್ಪು ಆ ಉಪಕರಣದಿಂದ ಬರಲಿಲ್ಲ. ಕ್ಯೂರಿಯಾಸಿಟಿ ರೋವರಿಗೆ ಗೇಲ್ ಕುಳಿಯ ತಳದಲ್ಲಿ ಮೀಥೇನ್ ಋತುವಿಗೆ ತಕ್ಕಂತೆ ಏರಿಳಿಯುವುದು ಕಂಡಿತು. ಕಕ್ಷೆಯಲ್ಲಿ ಸುತ್ತುವ ಯುರೋಪಿನ ನೌಕೆಗೆ ಅದೇ ಗ್ರಹದಲ್ಲಿ ಮೀಥೇನ್ ಕಾಣಲೇ ಇಲ್ಲ. ಜಗಳ ಇನ್ನೂ ಮುಗಿದಿಲ್ಲ. ನೀರು ಮತ್ತು ಕೆಲವು ಬಗೆಯ ಕಲ್ಲು ಸೇರಿದರೂ ಮೀಥೇನ್ ಹುಟ್ಟಬಲ್ಲದು ಎಂಬುದು ಬೇರೆ ಮಾತು. ಸೌರಮಂಡಲದಾಚೆಯ ಕೆ2-18ಬಿ ಗ್ರಹದ ಮೇಲೆ ಜೀವಜನ್ಯ ಅನಿಲದ ಸುಳಿವಿದೆ ಎಂದು ಕೇಂಬ್ರಿಜ್‌ನ ನಿಕ್ಕು ಮಧುಸೂದನ್ 2025ರಲ್ಲಿ ಹೇಳಿದ್ದಕ್ಕೂ ಇಂಥದೇ ಆಕ್ಷೇಪಗಳು ಬಂದಿವೆ.

ಈಗ ಎಲ್ಲರ ಕಣ್ಣು ಮಂಗಳದ ಜೆಜೆರೊ ಕುಳಿಯ ಮೇಲಿದೆ. ಪರ್ಸಿವಿಯರೆನ್ಸ್ ರೋವರ್ 2024ರ ಜುಲೈನಲ್ಲಿ ಹಳೆಯ ನದಿಪಾತ್ರವೊಂದರಲ್ಲಿ ಚೆಯಾವ ಫಾಲ್ಸ್ ಎಂಬ ಹೆಸರಿನ ಕೆಂಪು ಕೆಸರುಗಲ್ಲನ್ನು ಕಂಡಿತು. ಅದರ ಮೇಲೆ ಚಿರತೆಯ ಮೈಯಂಥ ಮಚ್ಚೆಗಳು, ನಡುನಡುವೆ ಗಸಗಸೆ ಕಾಳಿನಂಥ ಚುಕ್ಕೆಗಳು. ಮಚ್ಚೆಗಳಲ್ಲಿ ಕಬ್ಬಿಣದ ಫಾಸ್ಫೇಟ್ ಖನಿಜವಾದ ವಿವಿಯನೈಟ್, ಕಬ್ಬಿಣದ ಸಲ್ಫೈಡ್ ಖನಿಜವಾದ ಗ್ರೀಗೈಟ್ ಇರುವಂತಿದೆ ಎಂದು 2025ರ ಸೆಪ್ಟೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಬಂಧ ಬಂತು. ಭೂಮಿಯಲ್ಲಿ ನೀರು ನಿಂತ ಕೆಸರಿನೊಳಗೆ, ಆಮ್ಲಜನಕ ಸಿಗದ ಬ್ಯಾಕ್ಟೀರಿಯಗಳು ಕಬ್ಬಿಣವನ್ನೂ ಸಲ್ಫೇಟನ್ನೂ ಉಸಿರಾಟಕ್ಕೆ ಬಳಸಿಕೊಂಡಾಗ ಇಂಥ ಖನಿಜಗಳು ಹುಟ್ಟುತ್ತವೆ. ಬಿಸಿಯಿಂದಲೂ ಹುಟ್ಟಬಹುದು, ಆದರೆ ಈ ಕಲ್ಲು ಕಾದ ಲಕ್ಷಣವಿಲ್ಲ. ತೋಟದ ಕಾದಿಗೆಗೆ ಕರಗಿದ ಕಬ್ಬಿಣ ಬರುವ ದಾರಿಯೂ ಬಹುಪಾಲು ಇಂಥದೇ ಬ್ಯಾಕ್ಟೀರಿಯಗಳದ್ದು.

ಅದೇ ಕುಳಿಯಲ್ಲಿ ಚದುರಿ ಬಿದ್ದಿರುವ ಬಿಳಿಚಿದ ಕಲ್ಲುಗಳು ಮಲೆನಾಡಿಗೆ ಇನ್ನೂ ಹತ್ತಿರ. ಅವುಗಳಲ್ಲಿ ಕಯೋಲಿನೈಟ್ ಇದೆಯೆಂದೂ, ಬಹುಕಾಲ ಜಡಿಮಳೆ ಸುರಿದು ಉಳಿದೆಲ್ಲ ಲವಣ ತೊಳೆದುಹೋದರೆ ಅಂಥ ಕಲ್ಲಾಗುತ್ತದೆಂದೂ ಪರ್ಡ್ಯೂ ವಿಶ್ವವಿದ್ಯಾಲಯದ ಏಡ್ರಿಯನ್ ಬ್ರೋಜ್ ತಂಡ 2025ರಲ್ಲಿ ತೋರಿಸಿತು. ನಮ್ಮಲ್ಲಿ ಬಾವಿ ತೋಡುವವರಿಗೆ ಈ ಪದರಗಳು ಗೊತ್ತು. ಮೇಲೆ ಜಂಬಿಟ್ಟಿಗೆ, ಅದರಡಿ ಕೆಂಪು-ಬಿಳಿ ಮಚ್ಚೆಯ ಮಣ್ಣು, ಇನ್ನೂ ಕೆಳಗೆ ಶೇಡಿ. ಆ ಶೇಡಿಯ ಮುಖ್ಯ ಖನಿಜವೇ ಕಯೋಲಿನೈಟ್. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲೂ ಹೊಸನಗರ ತಾಲ್ಲೂಕಿನ ಹುಲಿಕಲ್ಲಿನಲ್ಲೂ ಏಳು ಸಾವಿರ ಮಿ.ಮೀ. ಸುತ್ತಮುತ್ತ ಬೀಳುವ ಮಳೆ ಇಂದಿಗೂ ಕಲ್ಲನ್ನು ಹೀಗೆ ತೊಳೆಯುತ್ತಿದೆ. ಜಂಬಿಟ್ಟಿಗೆಗೆ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇಕ್ಕೇರಿ, ನಗರಗಳ ಮೇಲೆಯೇ ಹಾದುಹೋಗಿದ್ದ.

ಭಾರತದಲ್ಲಿ ಮಂಗಳವನ್ನು ಹೋಲುವ ನೆಲವೆಂದು ಸಾಮಾನ್ಯವಾಗಿ ಹೇಳುವುದು ಲಡಾಖ್ ಮತ್ತು ಕಚ್ಛ್. ಇಂದಿನ ಒಣ ಮಂಗಳಕ್ಕೆ ಅವು ಸರಿ. ಮಳೆ ಸುರಿಯುತ್ತಿದ್ದ ಹಳೆಯ ಮಂಗಳವನ್ನು ತಿಳಿಯಲು ಘಟ್ಟದ ಧರೆಗಳೇ ಬೇಕು. ಹೆದ್ದಾರಿ ಅಗಲ ಮಾಡಲು ಧರೆ ಕಡಿದಲ್ಲೆಲ್ಲ ಜಂಬಿಟ್ಟಿಗೆಯಿಂದ ಶೇಡಿಯವರೆಗಿನ ಪದರಗಳು ತೆರೆದು ನಿಂತಿವೆ. ಎರಡು ಮಳೆಗಾಲ ಕಳೆಯುವುದರೊಳಗೆ ಕುಸಿದೋ ಗಿಡ ಮುಚ್ಚಿಯೋ ಹೋಗುತ್ತವೆ. ಯಾವ ಪದರದಲ್ಲಿ ಯಾವ ಬ್ಯಾಕ್ಟೀರಿಯ ಬದುಕಿದೆ, ಕಲ್ಲಿನಲ್ಲಿ ಯಾವ ಗುರುತು ಬಿಟ್ಟಿದೆ ಎಂದು ದಾಖಲಿಸಲು ನಮ್ಮ ವಿಶ್ವವಿದ್ಯಾಲಯಗಳಿಗೆ ರಾಕೆಟ್ ಬೇಕಾಗಿಲ್ಲ.

ಚೆಯಾವ ಫಾಲ್ಸ್‌ನಿಂದ ಕೊರೆದ ಮಾದರಿ ರೋವರಿನ ಕೊಳವೆಯಲ್ಲಿ ಭದ್ರವಾಗಿದೆ. ಅದನ್ನು ತರಬೇಕಿದ್ದ ಅಮೆರಿಕದ ಯೋಜನೆ ಖರ್ಚಿನ ಲೆಕ್ಕಕ್ಕೆ ಸಿಕ್ಕಿ ನಿಂತಿದೆ. ಚೀನ ತನ್ನದೇ ಮಾದರಿ ತರಲು 2028ರ ಸುಮಾರಿಗೆ ತಿಯಾನ್‌ವೆನ್-3 ಹಾರಿಸಲಿದೆ. ಬಂದ ಕಲ್ಲನ್ನು ಮೊದಲು ಬಿಗಿ ಬಂದೋಬಸ್ತಿನ ಪ್ರಯೋಗಾಲಯದಲ್ಲಿ ಇಡಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಅತಿಯಾದ ಭಯವೆಂದು ಕೆಲವರು ಅಂದುಕೊಳ್ಳುತ್ತಾರೆ. 1957ರಲ್ಲಿ ಕ್ಯಾಸನೂರಿನಲ್ಲಿ ಮಂಗಗಳು ಸತ್ತು ಬಿದ್ದಾಗಿನಿಂದ 2019ರಲ್ಲಿ ಸಾಗರದ ಅರಳಗೋಡಿನ ಸಾವುಗಳವರೆಗೆ ಮಂಗನ ಕಾಯಿಲೆ ಕಂಡ ಈ ಸೀಮೆಯವರು ಹಾಗೆ ಅನ್ನಲಾರರು. ಬಂದೋಬಸ್ತಿನೊಳಗೆ ನಡೆಯುವ ಪರೀಕ್ಷೆಗಳಲ್ಲಿ ಮುಖ್ಯವಾದದ್ದು ಗಂಧಕದ ಮತ್ತು ಕಬ್ಬಿಣದ ಐಸೊಟೋಪುಗಳ ಲೆಕ್ಕ. ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಗಳು ಹಗುರ ಗಂಧಕವನ್ನೇ ಹೆಚ್ಚಾಗಿ ಆರಿಸಿಕೊಳ್ಳುವುದರಿಂದ, ಗ್ರೀಗೈಟ್ ಅವುಗಳ ಕೆಲಸವಾಗಿದ್ದರೆ ಅದರಲ್ಲಿ ಆ ಏರುಪೇರು ಉಳಿದಿರಬೇಕು. ಆ ಏರುಪೇರು ಎಷ್ಟಿದ್ದರೆ ಜೀವಿಯದೆನ್ನಬಹುದು, ಎಷ್ಟಿದ್ದರೆ ಬರೀ ರಸಾಯನದ್ದು ಎಂಬ ಅಳತೆಗೋಲನ್ನು ಭೂಮಿಯ ಕೆಸರಿನಲ್ಲೇ ತಯಾರಿಸಿಕೊಳ್ಳಬೇಕು, ಕೊಳವೆ ತೆರೆಯುವುದಕ್ಕೆ ಮೊದಲು.